ಆರು ನಿಮಿಷ, ಇನ್ನೂರ ಅರವತ್ತು ಮೀಟರ್

ನನ್ನ ಅತ್ತೆಗೆ ಎಪ್ಪತ್ತು ವರ್ಷ. ಎಡಗಾಲಿನ ಮೊಣಕಾಲು ಬದಲಿಸಿ ಮೂರು ತಿಂಗಳಾಗಿತ್ತು. ಆರು ನಿಮಿಷದಲ್ಲಿ ಆಕೆ ಮುನ್ನೂರ ಹತ್ತು ಮೀಟರ್ ನಡೆದಳು. ಮೂವತ್ತೊಂಬತ್ತು ವರ್ಷದ ನಾನು ನಡೆದದ್ದು ಇನ್ನೂರ ಅರವತ್ತು.

ಆ ಹೊತ್ತು ಅತ್ತೆ ನಕ್ಕಳು. ಆ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಹತ್ತೊಂಬತ್ತು ವರ್ಷದಿಂದ ತಾನು ಹೇಳಿಕೊಂಡು ಬಂದ ಮಾತು ಕಾಗದದ ಮೇಲೆ ಬಂತಲ್ಲ ಎಂಬ ಸಮಾಧಾನ ಅಷ್ಟೇ. ಆದರೂ ಅದನ್ನು ನೆನೆದರೆ ಇವತ್ತಿಗೂ ಹಲ್ಲು ಕಚ್ಚುತ್ತೇನೆ.

ನನ್ನ ತವರು ನಿಪ್ಪಾಣಿ, ಕೊಟ್ಟದ್ದು ಬೇಡಕಿಹಾಳಕ್ಕೆ. ಕಬ್ಬಿನ ತೋಟ, ನಾಲ್ಕು ಎಮ್ಮೆ, ಜೈನರ ಮನೆ. ಸೂರ್ಯ ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ತೋಟದಲ್ಲಿ ಕೆಲಸ ಮುಗಿಸಿ, ಮೇವಿನ ಹೊರೆ ಹೊತ್ತು, ಮನೆಗೆ ಬಂದು ರೊಟ್ಟಿ ಬಡಿಯುವುದೆಂದರೆ ಪ್ರತಿ ಸಂಜೆಯೂ ಸೂರ್ಯನ ಜೊತೆ ಓಟ. ನಾನು ಪ್ರತಿ ಸಂಜೆಯೂ ಸೋಲುತ್ತಿದ್ದೆ. ತೋಟದಿಂದ ಮನೆಗೆ ಒಂದು ಕಿಲೋಮೀಟರೂ ಇಲ್ಲ. ಆ ದಾರಿಯಲ್ಲಿ ನಾನು ಮೂರು ಕಡೆ ನಿಲ್ಲುತ್ತಿದ್ದೆ. ಬೇವಿನ ಮರದ ಹತ್ತಿರ, ಪಂಪಿನ ಮನೆಯ ಹತ್ತಿರ, ಊರ ಅಗಸಿ ಬಾಗಿಲ ಹತ್ತಿರ. ನಿಂತದ್ದು ದಮ್ಮು ಹತ್ತಿ ಎಂದು ತಿಳಿಯಬಾರದೆಂದು ಚಪ್ಪಲಿ ಸರಿಮಾಡಿಕೊಂಡಂತೆ, ಸೆರಗು ಸಿಕ್ಕಿಸಿಕೊಂಡಂತೆ ಮಾಡುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಬಂದ್ಲ ನೋಡ ಮಹಾರಾಣಿ, ಪಲ್ಲಕ್ಕಿ ಇಲ್ದ. ನಿಪ್ಪಾಣಿ ಪ್ಯಾಟಿ ಹುಡುಗಿ ತಂದ್ರ ಹಿಂಗ."

ನನ್ನ ಗಂಡ ಕೆಟ್ಟವನಲ್ಲ. ಹೊಡೆದವನಲ್ಲ, ಕುಡಿದವನಲ್ಲ. ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ, ಅಷ್ಟೇ. ಬಸದಿಗೆ, ಮದುವೆಗೆ, ಬಸ್ ನಿಲ್ದಾಣಕ್ಕೆ, ಎಲ್ಲಿಗೆ ಹೋದರೂ ಹತ್ತು ಹೆಜ್ಜೆ ಮುಂದೆ. ಆಗಾಗ ಹೊರಳಿ ನೋಡಿ, "ಜಲ್ದಿ ಬಾ ಬೇ" ಎನ್ನುತ್ತಿದ್ದ. ಮುನಿಗಳು ಊರಿಂದ ಊರಿಗೆ ವಿಹಾರ ಹೊರಟಾಗ ಓಣಿಯ ಹೆಂಗಸರೆಲ್ಲ ಬರಿಗಾಲಲ್ಲಿ ಮುಂದಿನ ಊರಿನ ತನಕ ಜೊತೆಗೆ ನಡೆದು ಬರುವುದುಂಟು. ನಾನು ಒಂದು ಸಲ ಹೊರಟು, ಅರ್ಧ ದಾರಿಯಲ್ಲಿ ಯಾರದೋ ಟ್ರಾಕ್ಟರ್ ಹತ್ತಿ ಕೂತೆ. ಆ ಮಾತು ಓಣಿಯಲ್ಲಿ ವರ್ಷಗಟ್ಟಲೆ ಓಡಾಡಿತು. ಧರ್ಮದಲ್ಲೂ ಆಲಸಿ ಎಂದರು.

ಎರಡನೆಯ ಹೆರಿಗೆಯ ಹೊತ್ತಿಗೆ ಕೊನೆಯ ಹದಿನೈದು ದಿನ ನನಗೆ ಮಲಗಲಿಕ್ಕೆ ಆಗಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಗೋಡೆಗೆ ಆನಿಸಿಕೊಂಡು ಕೂತೇ ನಿದ್ದೆ ಮಾಡಿದೆ. ಊರಿನ ಡಾಕ್ಟರಿಗೆ ಹೇಳಿದರೆ ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಅವ್ವ ನಿಪ್ಪಾಣಿಯಿಂದ ನೋಡಲಿಕ್ಕೆ ಬಂದವಳು ಕಿವಿಯಲ್ಲಿ, "ಸ್ವಲ್ಪ ಸೋಸಿಕೋಬೇಕವಾ. ಹೆಣ್ಣಮಕ್ಕಳ ಜನ್ಮ" ಎಂದಳು. ನಾನು ಸೋಸಿಕೊಂಡೆ, ತಾಳಿಕೊಂಡೆ. ಬದುಕಿದೆ. ಅದು ಎಷ್ಟು ದೊಡ್ಡ ಪುಣ್ಯವಾಗಿತ್ತೆಂದು ತಿಳಿಯಲಿಕ್ಕೆ ಮುಂದೆ ಹದಿನಾಲ್ಕು ವರ್ಷ ಬೇಕಾಯಿತು.

ಅತ್ತೆಯ ಮೊಣಕಾಲಿನ ಆಪರೇಷನ್ ಆದಮೇಲೆ ವಾರಕ್ಕೆ ಎರಡು ಸಲ ಚಿಕ್ಕೋಡಿಗೆ ವ್ಯಾಯಾಮಕ್ಕೆ ಕರೆದೊಯ್ಯುವ ಕೆಲಸ ನನ್ನದಾಯಿತು. ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಫಿಜಿಯೋಥೆರಪಿ ಡಾಕ್ಟರ್ ಇದ್ದಳು. ಅತ್ತೆ ಆಕೆಯನ್ನು ಗೌರವದಿಂದ 'ಬಾಯಾರ' ಎಂದು ಕರೆಯುತ್ತಿದ್ದಳು, ಹೀಗಾಗಿ ನಾನೂ. ಮೆಟ್ಟಿಲು ಹತ್ತುವುದೂ ವ್ಯಾಯಾಮವೇ ಎಂದು ಬಾಯಾರು ಅತ್ತೆಗೆ ಲಿಫ್ಟ್ ಬೇಡವೆಂದಿದ್ದರು. ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನಾನು ಚೀಲ ಹಿಡಿದು ಹಿಂದೆ.

ಆ ದಿನ ಮೇಲೆ ಹೋದಾಗ ಅತ್ತೆಗೆ ನಡಿಗೆಯ ಪರೀಕ್ಷೆ ಇತ್ತು. ಓಣಿಯಂಥ ಉದ್ದನೆಯ ವರಾಂಡ. ಈ ತುದಿಗೊಂದು ಪ್ಲಾಸ್ಟಿಕ್ ಕುರ್ಚಿ, ಆ ತುದಿಗೊಂದು. ಎರಡರ ನಡುವೆ ಟೇಪ್ ಹಿಡಿದು ಅಳೆದ ಇಪ್ಪತ್ತು ಮೀಟರ್. ಕುರ್ಚಿ ಸುತ್ತಿ ಹೊರಳಿ ಬರಬೇಕು, ಆರು ನಿಮಿಷ. ಓಡಬಾರದು. ದಣಿದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಬಾಯಾರು ಒಂದು ಕಡೆ ನಿಂತು, ಅತ್ತೆ ಒಂದು ತುದಿ ಮುಟ್ಟಿದಾಗಲೆಲ್ಲ ಹಾಳೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ನಿಮಿಷಕ್ಕೊಮ್ಮೆ ಒಂದೇ ದನಿಯಲ್ಲಿ, "ಚಲೋ ನಡದೀರಿ ಅಮ್ಮಾರ. ಇನ್ನ ನಾಕ ನಿಮಿಷ ಐತಿ" ಎಂದು ಹೇಳುತ್ತಿದ್ದರು. ಹದಿನೈದೂವರೆ ಗೆರೆಯಾದವು. ಅತ್ತೆ ಖುಷಿಯಲ್ಲಿ ಕೂತು ನೀರು ಕುಡಿದಳು.

ಬಾಯಾರು ನನ್ನ ಕಡೆ ನೋಡಿದರು. ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷವಾಗಿತ್ತು, ನಾನು ಇನ್ನೂ ಬಾಯಿಂದ ಉಸಿರಾಡುತ್ತಿದ್ದೆ.

"ಅಕ್ಕಾರ, ನೀವೂ ಒಂದ್ಸಲ ನಡೀರಿ ನೋಡೂಣು."

"ನಂಗೇನ ಆಗೈತ್ರಿ?"

"ಏನೂ ಆಗಿಲ್ಲಂದ್ರ ನಡ್ಯಾಕ ಏನ್ ತ್ರಾಸ?"

ಅತ್ತೆ ಹಿಂದಿನಿಂದ, "ನಡಸ್ರಿ ಬಾಯಾರ, ನಡಸ್ರಿ. ಆಕಿ ಬ್ಯಾಡ ಅಂದ್ರ ಬಿಡಬ್ಯಾಡ್ರಿ" ಎಂದಳು.

ಬಾಯಾರು ನನ್ನ ಬೆರಳಿಗೆ ಒಂದು ಸಣ್ಣ ಚಿಮಟಿಯಂಥದ್ದನ್ನು ಸಿಕ್ಕಿಸಿ, ಆಕ್ಸಿಜನ್ನು, ನಾಡಿ ಬರೆದುಕೊಂಡರು. ನಾನು ಹೊರಟೆ. ಮೊದಲ ಎರಡು ಸುತ್ತು ಅತ್ತೆಗೆ ತೋರಿಸಬೇಕೆಂಬ ಹಟದಲ್ಲಿ ಬೇಗ ನಡೆದೆ. ಮೂರನೆಯ ನಿಮಿಷಕ್ಕೆ ಗೋಡೆಯ ಸುಣ್ಣ ಕಣ್ಣ ಮುಂದೆ ಅಲುಗಾಡಿತು. ಆ ತುದಿಯ ಕುರ್ಚಿಗೆ ಕೈಯೂರಿ ನಿಂತೆ. ಚಪ್ಪಲಿ ಸರಿಮಾಡಿಕೊಂಡೆ. ಮತ್ತೆ ನಡೆದೆ. ಮುಗಿಯುವ ಹೊತ್ತಿಗೆ ಹದಿಮೂರು ಗೆರೆ.

ಅತ್ತೆ ನಕ್ಕದ್ದು ಆಗಲೇ. "ನಾ ಹೇಳಿದ್ದಿಲ್ಲ? ಮುದುಕಿ ಮುಂದ ಸೋತ್ಲು. ಮೈ ಬಗ್ಗಸಾಕ ಬ್ಯಾಡ ಆಕೀಗಿ."

ಬಾಯಾರು ನಗಲಿಲ್ಲ. ನನ್ನ ಬೆರಳನ್ನು ಹಿಡಿದು ನೋಡುತ್ತ ನಿಂತಿದ್ದರು. ಆಮೇಲೆ ಕೇಳಿದರು, "ಈಗ ದಮ್ಮ ಎಷ್ಟ ಹತ್ತೈತ್ರಿ? ಏನೂ ಇಲ್ಲಂದ್ರ ಸೊನ್ನಿ. ತಡ್ಯಾಕ ಆಗೂದಿಲ್ಲ ಅನ್ನೂದಕ್ಕ ಹತ್ತ. ನಿಮ್ಮದ ಎಷ್ಟ?"

"ಎರಡ್ರಿ" ಎಂದೆ.

"ಖರೇ ಹೇಳ್ರಿ."

ಯಾರೂ ಯಾವತ್ತೂ ಕೇಳಿರದ ಪ್ರಶ್ನೆ ಅದು. ದಮ್ಮು ಹತ್ತುತ್ತದೆಯೋ ಇಲ್ಲವೋ ಎಂದಲ್ಲ, ಎಷ್ಟು ಎಂದು. ನನ್ನ ಬಾಯಿಂದ "ಎಂಟು" ಎಂದು ಬಂತು, ಬಂದದ್ದೇ ತಡ ಅಳು ಬಂತು. ಅತ್ತೆ ಮುಖ ಆ ಕಡೆ ತಿರುಗಿಸಿದಳು.

"ಇದ ಆಲಸಿತನ ಅಲ್ರಿ ಅಮ್ಮಾರ" ಎಂದು ಬಾಯಾರು ಅತ್ತೆಗೆ ಹೇಳಿದರು. "ಆಲಸಿ ಇದ್ದಾಕಿ ಸಾವಕಾಶ ನಡೀತಾಳ, ಆದ್ರ ಆಕಿ ನಾಡಿ ನೂರಾ ನಲವತ್ತೆಂಟ ಬಡಿಯೂದಿಲ್ಲ. ಆಕಿ ಆಕ್ಸಿಜನ್ ಇಳಿಯೂದಿಲ್ಲ. ಇವರದು ತೊಂಬತ್ತರ ಕೆಳಗ ಇಳದೈತಿ. ಮನಿಯವರನ್ನ ಕರಕೊಂಡ ಬರ್ರಿ."

ನನಗೆ ಅರ್ಥವಾಗಬೇಕೆಂದು ಇನ್ನೂ ಬಿಡಿಸಿ ಹೇಳಿದರು. ಮನುಷ್ಯ ತನ್ನ ಪಾಡಿಗೆ ತಾನು ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ ಎಂಬುದರಿಂದ ಅವನ ಹೃದಯ, ಪುಪ್ಪುಸ, ಕಾಲು ಮೂರೂ ಕೂಡಿ ಎಷ್ಟು ಕೆಲಸ ತಾಳಬಲ್ಲವು ಎಂಬ ಅಂದಾಜು ಸಿಗುತ್ತದಂತೆ. ಏನು ಜಡ್ಡು ಎಂದು ಅದು ಹೇಳುವುದಿಲ್ಲ. ಏನೋ ಇದೆ, ಹುಡುಕು ಎಂದು ಹೇಳುತ್ತದೆ. ಅದಕ್ಕೆ ದೊಡ್ಡ ಮಷೀನು ಬೇಡ. ಒಂದು ಟೇಪು, ಒಂದು ಗಡಿಯಾರ, ಎರಡು ಕುರ್ಚಿ.

ಬಸ್ಸಿನಲ್ಲಿ ಊರಿಗೆ ಬರುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಟೇಪು ನಮ್ಮ ಮನೆಯಲ್ಲಿತ್ತು, ಕಬ್ಬಿನ ಸಾಲು ಅಳೆಯುವುದು. ಗಡಿಯಾರ ಗೋಡೆಯ ಮೇಲಿತ್ತು, ನನ್ನ ಮದುವೆಯಲ್ಲೇ ಬಂದದ್ದು. ಕುರ್ಚಿಗಳು ಬೇಕಾದಷ್ಟು. ಹತ್ತೊಂಬತ್ತು ವರ್ಷ ನನ್ನ ನಡಿಗೆಯನ್ನು ದಿನಾ ನೋಡಿದವರಿದ್ದರು, ಹಂಗಿಸಿದವರಿದ್ದರು. ಒಬ್ಬರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ. ನಾನೇ ನನ್ನನ್ನು ಆಲಸಿ ಎಂದು ನಂಬಿದ್ದೆ. ಈ ಸಿಟ್ಟು ಯಾರ ಮೇಲೆ ಹಾಕಲಿ?

ಗಂಡನನ್ನು ಒಪ್ಪಿಸಲಿಕ್ಕೆ ಎರಡು ವಾರ ಹಿಡಿಯಿತು. ಕಾರ್ಖಾನೆಗೆ ಕಬ್ಬು ಹೋಗುವ ದಿನಗಳು, ಪುರುಸೊತ್ತು ಇಲ್ಲ. ಕೊನೆಗೆ, "ಆ ಹುಡುಗಿ ಏನೋ ತಲಿ ತಿಂದಾಳ ನಿಂದು" ಎಂದು ಮೋಟರ್‌ಸೈಕಲ್ ಮೇಲೆ ಚಿಕ್ಕೋಡಿಗೆ ಬಂದ. ಬಾಯಾರಿಗೆ ನಮಸ್ಕಾರ ಮಾಡಿ, "ಆಕಿ ಮೊದ್ಲಿಂದ ಹಂಗ ಅದಾಳ್ರಿ. ಮನಸ್ಸಿಗಿ ತಗೊಂಡಾಳ ಅಷ್ಟ" ಎಂದ.

"ಹೌದೇನ್ರಿ? ಹಂಗಾದ್ರ ನಿಮ್ಮ ಮುಂದನ ಮತ್ತೊಮ್ಮಿ ನಡಸೂಣು."

ನಾನು ಹೊರಟದ್ದೇ ತಡ ಅವನೂ ಎದ್ದು ನನ್ನ ಮುಂದೆ ನಡೆಯತೊಡಗಿದ. ಅದೇ ಹತ್ತು ಹೆಜ್ಜೆ. "ಏ, ಜಲ್ದಿ ನಡಿ ಬೇ. ಕಾಲ ಎತ್ತಿಡು."

ಬಾಯಾರು ಗಡಿಯಾರ ನಿಲ್ಲಿಸಿದರು. "ಸಾಹೇಬ್ರ, ಕುಂಡ್ರರಿ. ಇದರಾಗ ಯಾರೂ ಮುಂದ ನಡೀಬಾರ್ದು. ಬಾಜೂಕೂ ನಡೀಬಾರ್ದು. ನಾನೂ ನಡ್ಯಾಂಗಿಲ್ಲ."

"ಯಾಕ್ರಿ?"

"ನಡ್ಯಾವ್ರು ಮುಂದಿನವರ ನಡಿಗಿ ನಡೀತಾರ. ನಮಗ ಬೇಕಾಗಿದ್ದು ಇವರ ನಡಿಗಿ."

ಅವನು ಕೂತ. ನಾನು ನಡೆದೆ. ಆ ದಿನ ನಾಲ್ಕನೆಯ ನಿಮಿಷಕ್ಕೆ ಗೋಡೆಗೆ ಒರಗಿ ನಿಂತುಬಿಟ್ಟೆ. ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಮಾಡಲಿಲ್ಲ. ನಿಂತು, ಬಾಯಿ ತೆರೆದು, ಅವನ ಮುಖವನ್ನೇ ನೋಡುತ್ತ ಉಸಿರಾಡಿದೆ. ಗಡಿಯಾರ ಓಡುತ್ತಿತ್ತು. ಹನ್ನೆರಡು ಗೆರೆ.

ಬಾಯಾರು ಬೆರಳಿನ ಚಿಮಟಿಯಲ್ಲಿ ಅಂಕಿ ತೋರಿಸಿದರು. ಎಂಬತ್ತೆಂಟು.

"ಮಷೀನ ಕೆಟ್ಟಿರಬೇಕ ನೋಡ್ರಿ" ಎಂದ ನನ್ನ ಗಂಡ.

ಬಾಯಾರು ಅದನ್ನು ನನ್ನ ಬೆರಳಿಂದ ತೆಗೆದು ಅವನ ಬೆರಳಿಗೆ ಹಾಕಿದರು. ತೊಂಬತ್ತೆಂಟು. ಅವನು ತನ್ನ ಬೆರಳನ್ನು ಬಹಳ ಹೊತ್ತು ನೋಡಿದ. ಮತ್ತೆ ನನ್ನ ಬೆರಳಿಗೆ ತಾನೇ ಹಾಕಿ ನೋಡಿದ. ಮೆಟ್ಟಿಲು ಇಳಿಯುವಾಗ ಮೊದಲ ಸಲ ಅವನು ನನ್ನ ಹಿಂದೆ ಇದ್ದ. ನನಗೆ ಅದರಿಂದ ಸಂತೋಷವಾಗಲಿಲ್ಲ. ಮಷೀನನ್ನು ನಂಬಿದ ಗಂಡಸು ನನ್ನನ್ನು ಯಾಕೆ ನಂಬಲಿಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬಂತು.

ಬಾಯಾರ ಚೀಟಿ ಹಿಡಿದು ಹೋದಾಗ ಕೊಲ್ಹಾಪುರದ ಹೃದಯದ ಡಾಕ್ಟರ್ ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಎಡ ಮಗ್ಗುಲಿಗೆ ಹೊರಳಿಸಿ, ಮತ್ತೆ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮರಾಠಿಯಲ್ಲಿ, "ಲಹಾನಪಣೀ ಸಾಂಧೇ ದುಖತ ಹೋತೇ ಕಾ?" ಎಂದರು. ಸಣ್ಣವಳಿದ್ದಾಗ ಕೀಲು ನೋಯುತ್ತಿದ್ದವೇ ಎಂದು.

ನೋಯುತ್ತಿದ್ದವು. ನಿಪ್ಪಾಣಿಯಲ್ಲಿ, ಆರನೆಯ ಇಯತ್ತೆಯಲ್ಲಿ. ಗಂಟಲು ನೋವು ಬಂದು ಹೋದಮೇಲೆ ಒಂದು ದಿನ ಮೊಣಕಾಲು, ಒಂದು ದಿನ ಮಣಿಕಟ್ಟು ಬಾತು ಕೆಂಪಾಗುತ್ತಿದ್ದವು. ಎರಡು ತಿಂಗಳು ಶಾಲೆ ತಪ್ಪಿತ್ತು. ಅವ್ವ ಔಡಲದ ಎಲೆ ಕಾಸಿ ಕಟ್ಟುತ್ತಿದ್ದಳು. ಬೆಳೆಯುವ ಹುಡುಗಿಯರಿಗೆ ಹಾಗೇ ಎಂದು ಎಲ್ಲರೂ ಅಂದಿದ್ದರು. ಆ ಜ್ವರ ಕೀಲುಗಳನ್ನು ಬಿಟ್ಟು ಹೃದಯದಲ್ಲಿ ಕೂತಿತ್ತು. ಒಂದು ವಾಲ್ವು ದಪ್ಪವಾಗಿ, ಅಂಟಿಕೊಂಡು, ವರ್ಷ ವರ್ಷ ಕಿರಿದಾಗುತ್ತ ಬಂದಿತ್ತು.

"ಮಕ್ಕಳೆಷ್ಟು?" ಎಂದು ಕೇಳಿದರು ಡಾಕ್ಟರ್.

"ಎರಡು."

ಅವರು ಪೆನ್ನು ಕೆಳಗಿಟ್ಟು ನನ್ನ ಗಂಡನ ಕಡೆ ನೋಡಿದರು. "ಈ ಹೃದಯದ ಮೇಲೆ ಎರಡು ಹೆರಿಗೆ? ಆಗ ಯಾರೂ ಪರೀಕ್ಷೆ ಮಾಡಲಿಲ್ಲವೇ?"

ಉತ್ತರ ನಾನು ಕೊಟ್ಟೆ. "ಟಾನಿಕ್ ಕೊಟ್ಟಿದ್ದರು."

ಎದೆ ಕೊಯ್ಯಲಿಲ್ಲ. ತೊಡೆಯ ಹತ್ತಿರದ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಆ ವಾಲ್ವಿನಲ್ಲಿ ಬಲೂನು ಉಬ್ಬಿಸಿ ಬಿಡಿಸಿದರು. ನಾನು ಎಚ್ಚರವಾಗಿಯೇ ಇದ್ದೆ. ಮರುದಿನ ಚಪ್ಪಟೆಯಾಗಿ, ಒಂದೇ ದಿಂಬಿನ ಮೇಲೆ ಮಲಗಿದೆ. ಛಾವಣಿ ಇಷ್ಟು ಎತ್ತರದಲ್ಲಿರುತ್ತದೆ ಎಂದು ನನಗೆ ಮರೆತೇ ಹೋಗಿತ್ತು.

ಎರಡು ತಿಂಗಳ ಮೇಲೆ ಚಿಕ್ಕೋಡಿಯ ಅದೇ ವರಾಂಡದಲ್ಲಿ ಬಾಯಾರು ನಡೆಸಿದರು. ಇಪ್ಪತ್ಮೂರು ಗೆರೆ. ನಾನೂರ ಅರವತ್ತು ಮೀಟರ್. ಬಾಯಾರು ಹಾಳೆಯನ್ನು ನನ್ನ ಕೈಗೆ ಕೊಟ್ಟು ಬೆನ್ನು ತಟ್ಟಿದರು. ಆ ಹಾಳೆ ಹಿಡಿದು ನಾನು ಕೂತೆ. ನಡುವಿನ ಇನ್ನೂರು ಮೀಟರ್ ನನ್ನದೇ ಇತ್ತು ಎಂದು ಅನಿಸಿತು. ನನ್ನ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಅದನ್ನು ನನ್ನಿಂದ ಕಿತ್ತುಕೊಂಡಿದ್ದರು. ಎಲ್ಲರೂ ಗುಣವಾಯಿತು ಎಂದು ಸಂತೋಷಪಡುತ್ತಿದ್ದಾಗ ನಾನು ಮಾತ್ರ ಉರಿಯುತ್ತಿದ್ದೆ.

ಊರಲ್ಲಿ ನನ್ನ ಗಂಡನಿಗೆ ಬಂದ ಹೆಸರು ನೋಡಬೇಕಿತ್ತು. ಕೊಲ್ಹಾಪುರಕ್ಕೆ ಒಯ್ದು ಹೆಂಡತಿಯನ್ನು ಉಳಿಸಿಕೊಂಡ ಗಂಡ. ಬಸದಿಯಲ್ಲಿ ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟು, "ದೈವವಂತ ಅದಿ ತಮ್ಮಾ" ಎಂದರು. ಅವನು ತಲೆ ತಗ್ಗಿಸಿ ನಿಂತ. ಅವನಿಗೆ ನಾಚಿಕೆಯಾಗಿತ್ತು ಎಂದು ನನಗೆ ಗೊತ್ತು. ಆದರೆ ನಾಚಿಕೆಯಾದವನು ಬಾಯಿ ಬಿಟ್ಟು ಹೇಳಬೇಕು. ಇವತ್ತಿನ ತನಕ ಹೇಳಿಲ್ಲ. ಹೊಸ ಚಪ್ಪಲಿ ಕೊಡಿಸಿದ್ದಾನೆ.

ಅತ್ತೆ ಹೇಳಿದಳು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಾಗ, ನನ್ನ ಮುಖ ನೋಡದೆ ಕೇಳಿದಳು.

"ಅಂದ್ರ, ಅವಾಗ ನೀ ಖರೇನ ದಣೀತಿದ್ದಿ ಏನ?"

"ಹೌದ್ರಿ. ಖರೇನ."

"ಕೂಸ ಹೊಟ್ಯಾಗಿದ್ದಾಗ, ಕುಂತ ಮಲಗತಿದ್ದಿ. ಅದೂ?"

"ಅದೂ ಖರೇನ್ರಿ."

ಆಕೆ ಇನ್ನೆರಡು ಕಾಯಿ ಒಡೆದಳು. "ನಂಗ ಯಾರ ಹೇಳಬೇಕ? ನಾ ಸಾಲಿ ಕಲ್ತಾಕಿ ಅಲ್ಲ" ಎಂದಳು. ಆಮೇಲೆ ಸುಲಿದ ಬೀಜದಿಂದ ಒಳ್ಳೆಯವನ್ನೆಲ್ಲ ಆರಿಸಿ ನನ್ನ ಮುಂದೆ ಇಟ್ಟಳು. ತಿನ್ನು ಎನ್ನಲಿಲ್ಲ. ನಾನು ತಿನ್ನಲಿಲ್ಲ. ಆ ದಿನ ತಿನ್ನಲಿಕ್ಕೆ ಆಗಲಿಲ್ಲ. ಕ್ಷಮಿಸುವುದು ದೊಡ್ಡ ಗುಣ ಎಂದು ಪ್ರವಚನದಲ್ಲಿ ಕೇಳುತ್ತೇನೆ, ತಲೆಯಾಡಿಸುತ್ತೇನೆ, ಮನೆಗೆ ಬರುತ್ತೇನೆ.

ಆದರೆ ಅತ್ತೆ ಶಾಲೆ ಕಲಿತವಳಲ್ಲ ಎಂಬುದು ಖರೆ. ಕಲಿತವರು ಒಬ್ಬರಿದ್ದರಲ್ಲ. ಮರುವಾರ ನನ್ನ ಎಲ್ಲ ರಿಪೋರ್ಟು ಚೀಲದಲ್ಲಿ ಹಾಕಿಕೊಂಡು ಊರಿನ ಡಾಕ್ಟರ್ ಹತ್ತಿರ ಹೋದೆ. ಬೆಂಚಿನ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ನನ್ನ ಪಾಳಿ ಬಂದಾಗ ರಿಪೋರ್ಟು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಅರೆ, ಚಲೋ ಆತಲ್ಲ ತಂಗಿ. ಗುಣ ಆತು. ನೀವೂ ಮೊದಲ ಸರಿಯಾಗಿ ಹೇಳಬೇಕಾಗಿತ್ತು."

ನಾನು ಬೈಯಬೇಕೆಂದು ಹೋದವಳಲ್ಲ. ರಿಪೋರ್ಟು ತೋರಿಸಿ, ಒಂದು ಮಾತು ಕೇಳಿ ಬರಬೇಕೆಂದು ಹೋದವಳು. ಆ "ಹೇಳಬೇಕಾಗಿತ್ತು" ಎಂಬುದನ್ನು ಕೇಳಿದಮೇಲೆ ನನ್ನ ದನಿ ನನ್ನ ಕೈಯಲ್ಲಿ ಇರಲಿಲ್ಲ.

"ಹೇಳಿದ್ದಿಲ್ಲೇನ್ರಿ? ದಮ್ಮ ಹತ್ತತೈತಿ ಅಂತ ಎಷ್ಟ ಸಲ ಹೇಳೇನಿ? ಮಲಗಾಕ ಆಗೂದಿಲ್ಲ ಅಂತ ಹೊಟ್ಟಿ ಹೊತಗೊಂಡ ಬಂದ ಇದ ಕುರ್ಚಿ ಮ್ಯಾಲ ಕುಂತ ಹೇಳೇನಿ. ಕೊಳ್ಳಾಗ ಹಾಕ್ಕೊಂಡೀರಲ್ಲ ಅದನ್ನ, ಅದನ್ನ ನನ್ನ ಎದಿಗಿ ಯಾವಾಗ ಹಚ್ಚಿದ್ರಿ? ಒಂದ ದಿನರೆ ಹಚ್ಚೀರೇನು?"

"ಸಾವಕಾಶ ಮಾತಾಡ್ರಿ. ಪೇಶಂಟ್ ಅದಾರ."

"ನಾನೂ ಪೇಶಂಟ್ ಇದ್ದೆ."

ಕಂಪೌಂಡರ್ ಒಳಗೆ ಬಂದ. ನಾನು ರಿಪೋರ್ಟು ಎತ್ತಿಕೊಂಡು ಹೊರಗೆ ಬಂದೆ. ದಮ್ಮು ಹತ್ತಿರಲಿಲ್ಲ. ಅಷ್ಟು ಕೂಗಿದರೂ.

ಆ ದಿನದಿಂದ ಊರಲ್ಲಿ ನನಗೆ ಇನ್ನೊಂದು ಹೆಸರು ಬಂದಿದೆ. ಮೊದಲು ಆಲಸಿ, ಈಗ ಬಾಯಿಬಡಕಿ. ಇರಲಿ.

ಬೆಂಚಿನ ಮೇಲಿದ್ದವರಲ್ಲಿ ಒಬ್ಬಳು, ಕಬ್ಬು ಕಡಿಯಲಿಕ್ಕೆ ಹೋಗುವ ಹೆಂಗಸು, ನನ್ನ ಹಿಂದೆಯೇ ರಸ್ತೆಗೆ ಬಂದಳು. "ಅಕ್ಕಾ, ನಂಗೂ ಹಂಗ ಆಗತೈತಿ. ಹೊರಿ ಹೊತ್ರ ಕಣ್ಣಿಗಿ ಕತ್ತಲಿ ಬರತೈತಿ. ಎಲ್ಲೆ ಹೋಗಬೇಕ?" ಎಂದಳು. ಎರಡು ದಿನ ಬಿಟ್ಟು ಆಕೆಯನ್ನು ಚಿಕ್ಕೋಡಿಗೆ ಕರೆದೊಯ್ದೆ. ಬಾಯಾರು ನಡೆಸಿದರು. ಮುನ್ನೂರ ಎಂಬತ್ತು ಮೀಟರ್. ಕೆಳಗಿನ ಡಾಕ್ಟರ್ ಪರೀಕ್ಷೆ ಮಾಡಿ ಹೃದಯ ಚಲೋ ಇದೆ, ರಕ್ತ ಬಹಳ ಕಮ್ಮಿ ಇದೆ ಎಂದು ಗುಳಿಗೆ ಬರೆದರು. ಈ ಸಲ ರಕ್ತ ಕಮ್ಮಿ ಎಂಬುದನ್ನು ರಕ್ತ ತೆಗೆದು ನೋಡಿ ಹೇಳಿದ್ದರು.

ಸಂಜೆ ಆಕೆಯ ಗಂಡ ನಮ್ಮ ಅಂಗಳಕ್ಕೆ ಬಂದು ನಿಂತ. "ನಿಮಗ ಏನೋ ಆಗಿತ್ತಂತ ಊರಾನ ಹೆಣ್ಣಮಕ್ಕಳಿಗೆಲ್ಲಾ ಜಡ್ಡ ಹಚ್ಚತೀರೇನ್ರಿ? ಒಂದ ದಿನದ ಕೆಲಸ ಹಾಳಾತು. ಏನ್ ಸಿಕ್ತು? ಏನೂ ಇಲ್ಲ."

ನನ್ನ ಗಂಡ ಕಟ್ಟೆಯ ಮೇಲಿಂದ ಎದ್ದ, ನನ್ನನ್ನು ಒಳಗೆ ಕಳಿಸಲಿಕ್ಕೋ ಅವನನ್ನು ಸಮಾಧಾನ ಮಾಡಲಿಕ್ಕೋ ಗೊತ್ತಿಲ್ಲ. ನಾನು ಒಳಗೆ ಹೋಗಲಿಲ್ಲ.

"ಎದ್ಯಾಗ ಏನೂ ಇಲ್ಲಂತ ಗೊತ್ತಾತಲ್ಲಪ್ಪಾ" ಎಂದೆ. "ಅದ ಗೊತ್ತಾಗೂದ ಬ್ಯಾಡೇನು? ಗುಳಿಗಿ ಬರದ ಕೊಟ್ಟಾರ, ಮೂರ ತಿಂಗಳ ತಪ್ಪದ ಕೊಡು. ಅಲ್ಲೀತನಾ ಆಕಿ ಕಡೆ ಹೊರಿ ಹೊರಸಬ್ಯಾಡ. ಹೊರಸಿದ್ದು ಕಂಡ್ರ ನಾ ನಿಮ್ಮ ಮನೀಗೂ ಬರತೇನಿ."

ಅವನು ಗೊಣಗುತ್ತ ಹೋದ. ಸೂರ್ಯ ಮುಳುಗಲಿಕ್ಕೆ ಇನ್ನೂ ಹೊತ್ತಿತ್ತು. ನಾನು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದೆ.